ಔಷಧ ತನ್ನ ಗುರಿಗೆ ಎಷ್ಟು ಬಿಗಿಯಾಗಿ ಅಂಟುತ್ತದೆ? ಕೆಡಿ ಅಳೆಯಲು ಹಂತ ಹಂತದ ಸಮಗ್ರ ಮಾರ್ಗದರ್ಶಿ

ಕರ್ವ್ ಅಂದವಾಗಿ ಬಂದಿರುತ್ತದೆ, ಫಿಟ್ ಕೂಡ ಬಿಂದುಗಳ ಮೇಲೇ ಕೂತಿರುತ್ತದೆ. ಆದರೆ ಪ್ರೋಟೀನಿನ ಹೊಸ ಬ್ಯಾಚ್ ಬಂದೊಡನೆ ಕೆಡಿ (ಹಿಡಿತದ ಬಿಗಿತ ಹೇಳುವ ಸಂಖ್ಯೆ) ಐದು ಪಟ್ಟು ಜಿಗಿಯುತ್ತದೆ. ಇಲ್ಲವೇ ಅರ್ಧ ಗಂಟೆಗೆ ಓದಿದರೆ ಒಂದು ಸಂಖ್ಯೆ, ಮೂರು ಗಂಟೆಗೆ ಓದಿದರೆ ಇನ್ನೊಂದು. ಅದೂ ಅಲ್ಲದಿದ್ದರೆ ಸರಣಿಯ ಒಳ್ಳೆಯ ಔಷಧಗಳೆಲ್ಲ ಒಂದೇ ಕೆಡಿ ತೋರಿಸುತ್ತವೆ. ಇಂಥ ದೂರುಗಳಲ್ಲಿ ಹೆಚ್ಚಿನವು ಉಪಕರಣದ ತಲೆಗೆ ಹೋಗುತ್ತವೆ. ನಿಜವಾಗಿ ತಪ್ಪಿರುವುದು ಕೆಲಸದ ಕ್ರಮ. ಕಾಯುವ ಸಮಯ ಸಾಕೇ, ಬಳಸಿದ ಸಾಂದ್ರತೆ ಸರಿಯೇ ಎಂಬ ಎರಡು ಪ್ರಶ್ನೆಗಳನ್ನು ಅಂತಿಮ ಕರ್ವ್‌ಗೆ ಮೊದಲೇ ತೀರಿಸಿಕೊಳ್ಳಬೇಕು. ಬಹಳ ಮಂದಿ ಅವನ್ನು ಕೇಳುವುದೇ ಇಲ್ಲ.

ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು ಪ್ರತಿದೀಪ್ತಿ ಧ್ರುವೀಕರಣ ವಿಧಾನ, ಅಂದರೆ ಫ್ಲೋರೆಸೆನ್ಸ್ ಪೋಲರೈಸೇಶನ್. ಹೊಳೆಯುವ ಸಣ್ಣ ಅಣು (ಟ್ರೇಸರ್) ಒಂಟಿಯಾಗಿದ್ದಾಗ ದ್ರಾವಣದಲ್ಲಿ ವೇಗವಾಗಿ ತಿರುಗುತ್ತದೆ, ಧ್ರುವೀಕರಣ ಕಡಿಮೆ. ದೊಡ್ಡ ಪ್ರೋಟೀನಿಗೆ ಅಂಟಿದಾಗ ನಿಧಾನವಾಗಿ ತಿರುಗುತ್ತದೆ, ಧ್ರುವೀಕರಣ ಹೆಚ್ಚು. ನೀವು ಬೇರೆ ವಿಧಾನ ಬಳಸುತ್ತಿದ್ದರೂ 3ರಿಂದ 5ನೇ ಹಂತಗಳ ತರ್ಕ ಹಾಗೆಯೇ ಅನ್ವಯಿಸುತ್ತದೆ.

## ಶುರುವಿಗೆ ಮುನ್ನ: ಯಾವ ಸಂಖ್ಯೆ ಬೇಕು?

ಕೆಡಿ ಎಂದರೆ ವಿಘಟನಾ ಸ್ಥಿರಾಂಕ. ಅಂಟದೆ ಉಳಿದಿರುವ ಪ್ರೋಟೀನಿನ ಸಾಂದ್ರತೆ ಕೆಡಿಗೆ ಸಮನಾದಾಗ ಟ್ರೇಸರ್‌ನ ಅರ್ಧ ಪಾಲು ಬಂಧಿತವಾಗಿರುತ್ತದೆ. ಕೆಡಿಯ ಹತ್ತನೇ ಒಂದರಷ್ಟಿದ್ದರೆ ಸುಮಾರು 9%, ಹತ್ತು ಪಟ್ಟಿದ್ದರೆ ಸುಮಾರು 91%. ಸಂಖ್ಯೆ ಚಿಕ್ಕದಾದಷ್ಟೂ ಹಿಡಿತ ಬಿಗಿ.

"ಅಂಟದೆ ಉಳಿದಿರುವ" ಎಂಬ ಮಾತನ್ನು ಮರೆಯಬೇಡಿ. ನೀವು ಬಾವಿಗೆ (ಪ್ಲೇಟಿನ ಸಣ್ಣ ಕುಳಿ) ಹಾಕಿದ್ದು ಒಟ್ಟು ಪ್ರೋಟೀನ್, ಸೂತ್ರ ಕೇಳುವುದು ಉಳಿದ ಪ್ರೋಟೀನ್.

ಐಸಿ50, ಅಂದರೆ ಅಂಟಿದ ಟ್ರೇಸರ್‌ನ ಅರ್ಧವನ್ನು ಕಳಚಲು ಬೇಕಾದ ಔಷಧದ ಸಾಂದ್ರತೆ, ಬೇರೆಯೇ ಸಂಖ್ಯೆ. ಅದು ಬಳಸಿದ ಪ್ರೋಟೀನ್ ಮತ್ತು ಟ್ರೇಸರ್ ಪ್ರಮಾಣಕ್ಕೆ ತಕ್ಕಂತೆ ಬದಲಾಗುತ್ತದೆ. ಇನ್ನು ಐಬ್ರುಟಿನಿಬ್‌ನಂತೆ ಗುರಿಗೆ ಕೋವೇಲೆಂಟ್ ಬಂಧದಿಂದ (ಸುಲಭವಾಗಿ ಬಿಡದ ರಾಸಾಯನಿಕ ಬಂಧ) ಕೂಡಿಕೊಳ್ಳುವ ಔಷಧಗಳಿಗೆ ಈ ವಿಧಾನದ ಕೆಡಿ ಅರ್ಥವಿಲ್ಲದ್ದು. ಹೊತ್ತು ಕಳೆದಂತೆ ಬಂಧಿತ ಪಾಲು ಏರುತ್ತಲೇ ಹೋಗುವುದರಿಂದ ಅಲ್ಲಿ ನಿಷ್ಕ್ರಿಯಗೊಳಿಸುವ ವೇಗವನ್ನೇ ಅಳೆಯಬೇಕು.

## ಬೇಕಾದ ಸಾಮಗ್ರಿ

- ಧ್ರುವೀಕರಣ ಓದಬಲ್ಲ ಪ್ಲೇಟ್ ರೀಡರ್. ಫ್ಲೋರೆಸೀನ್ ಟ್ರೇಸರ್‌ಗಾದರೆ 485 ನ್ಯಾನೋಮೀಟರ್ ಆಸುಪಾಸಿನ ಉದ್ದೀಪನ, 520–535ರ ಹೊರಸೂಸುವಿಕೆ ಫಿಲ್ಟರ್
- ಪ್ರೋಟೀನ್ ಅಂಟದ ಮೇಲ್ಮೈಯ ಕಪ್ಪು 384 ಬಾವಿಗಳ ಪ್ಲೇಟ್, ಮುಚ್ಚಲು ಸೀಲ್
- ಶುದ್ಧ ಪ್ರೋಟೀನ್, ಟ್ರೇಸರ್, ಟ್ರೇಸರ್‌ನದೇ ಬಣ್ಣವಿಲ್ಲದ ರೂಪ
- ಬಫರ್ (ಪಿಎಚ್ ಸ್ಥಿರವಾಗಿಡುವ ದ್ರಾವಣ), ಟ್ವೀನ್-20 ಅಥವಾ ಟ್ರೈಟಾನ್ ಎಕ್ಸ್-100 ಡಿಟರ್ಜೆಂಟ್, ಔಷಧ ಕರಗಿಸುವ ದ್ರಾವಕ ಡಿಎಂಎಸ್‌ಒ
- ಇತ್ತೀಚೆಗೆ ಮಾಪನಾಂಕ ಸರಿಪಡಿಸಿದ ಪಿಪೆಟ್‌ಗಳು
- ಸಮೀಕರಣವನ್ನು ನೀವೇ ಬರೆದು ಕೊಡಲು ಬಿಡುವ ಫಿಟಿಂಗ್ ತಂತ್ರಾಂಶ

ಕೊನೆಯದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮೆನುವಿನಲ್ಲಿ ಸಿಕ್ಕ ಮೊದಲ ಸಮೀಕರಣವನ್ನು ಒತ್ತುವ ಅಭ್ಯಾಸದಿಂದ ಆಗುವ ಹಾನಿ 5 ಮತ್ತು 7ನೇ ಹಂತಗಳಲ್ಲಿ ಕಾಣುತ್ತದೆ.

## ಹಂತ 1: ಪ್ರೋಟೀನ್ ಮತ್ತು ಟ್ರೇಸರ್ ಪರಿಶೀಲನೆ

ಹೆಪ್ಪುಗಟ್ಟಿದ ಪ್ರೋಟೀನನ್ನು ಕರಗಿಸಿದ ಕೂಡಲೇ ವೇಗದ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ಗಂಟುಗಳನ್ನು ತಳಕ್ಕಿಳಿಸಿ. ಮೇಲಿನ ತಿಳಿಯನ್ನು ಮಾತ್ರ ತೆಗೆದು, 280 ನ್ಯಾನೋಮೀಟರ್‌ನಲ್ಲಿ ಹೀರಿಕೆ ನೋಡಿ, ಆ ಪ್ರೋಟೀನಿನ ಅಮೈನೋ ಆಮ್ಲಗಳಿಂದ ಲೆಕ್ಕ ಹಾಕಿದ ಹೀರಿಕೆ ಗುಣಾಂಕದಿಂದ ಸಾಂದ್ರತೆ ಪಡೆಯಿರಿ. ಟ್ಯೂಬಿನ ಮೇಲೆ ಬರೆದ ಹಳೆಯ ಸಂಖ್ಯೆಯನ್ನು ನಂಬಬೇಡಿ.

ಪ್ರೋಟೀನ್ ಸಾಮಾನ್ಯವಾಗಿ ಗ್ಲಿಸರಾಲ್ ಇರುವ ಬಫರ್‌ನಲ್ಲಿರುತ್ತದೆ. ಗ್ಲಿಸರಾಲ್ ದ್ರಾವಣವನ್ನು ದಪ್ಪಗೊಳಿಸುತ್ತದೆ, ದಪ್ಪ ದ್ರಾವಣದಲ್ಲಿ ಟ್ರೇಸರ್ ತಾನಾಗಿಯೇ ನಿಧಾನವಾಗಿ ತಿರುಗುತ್ತದೆ. ಹೀಗಾಗಿ ಪ್ರೋಟೀನ್ ಹೆಚ್ಚಿರುವ ಬಾವಿಗಳಲ್ಲಿ ಬಂಧವೇ ಇಲ್ಲದಿದ್ದರೂ ಧ್ರುವೀಕರಣ ಏರಬಹುದು. ಪ್ರೋಟೀನನ್ನು ಪ್ರಯೋಗದ ಬಫರ್‌ಗೆ ಡಯಾಲಿಸಿಸ್ ಮಾಡಿ. ಅದಾಗದಿದ್ದರೆ ಎಲ್ಲ ಬಾವಿಗಳಲ್ಲೂ ಗ್ಲಿಸರಾಲ್ ಸಮನಾಗಿರುವಂತೆ ನೋಡಿಕೊಳ್ಳಿ.

ಟ್ರೇಸರ್‌ನಲ್ಲಿ ಅಣುವಿಗೆ ಕೂಡಿಕೊಳ್ಳದ ಬಿಡಿ ಬಣ್ಣ ಉಳಿದಿದ್ದರೆ ಅದು ಎಂದೂ ಪ್ರೋಟೀನಿಗೆ ಅಂಟದೆ ಕರ್ವ್‌ನ ಮೇಲ್ತುದಿಯನ್ನು ಕೆಳಗೆ ಎಳೆಯುತ್ತದೆ. ಎಚ್‌ಪಿಎಲ್‌ಸಿಯಲ್ಲಿ (ಮಿಶ್ರಣದ ಅಂಶಗಳನ್ನು ಬೇರ್ಪಡಿಸಿ ತೋರಿಸುವ ವಿಧಾನ) ಶುದ್ಧತೆ ನೋಡಿಕೊಂಡೇ ಮುಂದುವರಿಯಿರಿ.

## ಹಂತ 2: ಬಫರ್ ಮತ್ತು ಪ್ಲೇಟ್

ಡಿಟರ್ಜೆಂಟ್ ಇಲ್ಲದ ಬಫರ್‌ನಲ್ಲಿ ನ್ಯಾನೋಮೋಲಾರ್ ಮಟ್ಟದ ಪ್ರೋಟೀನಿನ ದೊಡ್ಡ ಪಾಲು ಪ್ಲಾಸ್ಟಿಕ್ ಗೋಡೆಗೇ ಅಂಟಿಬಿಡುತ್ತದೆ. 0.01% ಟ್ವೀನ್-20 ಅಥವಾ ಟ್ರೈಟಾನ್ ಹಾಕಿ. ಇದರಿಂದ ಇನ್ನೊಂದು ಲಾಭವಿದೆ: ನೀರಿನಲ್ಲಿ ಕರಗದ ಕೆಲವು ಸಂಯುಕ್ತಗಳು ಗೊಂಚಲುಗಟ್ಟಿ ಪ್ರೋಟೀನನ್ನು ಹೀರಿಕೊಂಡು ಸುಳ್ಳು ಚಟುವಟಿಕೆ ತೋರಿಸುವುದು ಬಹುಮಟ್ಟಿಗೆ ತಪ್ಪುತ್ತದೆ.

ಪಿಎಚ್ 7ಕ್ಕಿಂತ ಕೆಳಗಿಳಿದರೆ ಫ್ಲೋರೆಸೀನ್ ಮಂಕಾಗುತ್ತದೆ. ಟ್ರಿಸ್ ಬಫರ್ ಬಳಸುವವರು ಅದರ ಪಿಎಚ್ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 0.03ರಷ್ಟು ಇಳಿಯುತ್ತದೆಂದು ನೆನಪಿಡಿ. 4 ಡಿಗ್ರಿಯಲ್ಲಿ ಪಿಎಚ್ ಹೊಂದಿಸಿ 25ರಲ್ಲಿ ಪ್ರಯೋಗ ಮಾಡಿದರೆ ಅರ್ಧ ಏಕಮಾನಕ್ಕಿಂತ ಹೆಚ್ಚು ವ್ಯತ್ಯಾಸ ಬರುತ್ತದೆ.

ರೀಡರ್ ಸರಿಯಿದೆಯೇ ಎಂದು ನೋಡಲು 1 ನ್ಯಾನೋಮೋಲಾರ್ ಬಿಡಿ ಫ್ಲೋರೆಸೀನ್ ಇಟ್ಟು, ಓದು 27 ಮಿಲಿಪೋಲರೈಸೇಶನ್ ಬರುವಂತೆ ಹೊಂದಿಸುವುದು ರೂಢಿ.

## ಹಂತ 3: ಟ್ರೇಸರ್ ಪ್ರಮಾಣ ಮತ್ತು ಅಂದಾಜು ಕರ್ವ್

ಟ್ರೇಸರ್ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಪ್ರೋಟೀನ್ ಇಲ್ಲದೆ ಟ್ರೇಸರನ್ನು 20ರಿಂದ 0.1 ನ್ಯಾನೋಮೋಲಾರ್‌ವರೆಗೆ ದುರ್ಬಲಗೊಳಿಸುತ್ತ ಹೋಗಿ. ಹೊಳಪು ಇಳಿಯುತ್ತದೆ, ಧ್ರುವೀಕರಣ ಮಾತ್ರ ಒಂದೇ ಮಟ್ಟದಲ್ಲಿರಬೇಕು. ಅದು ಅಲುಗಾಡತೊಡಗಿದ ಕಡೆ ರೀಡರ್‌ನ ಮಿತಿ ಬಂದಿದೆ. ಅದಕ್ಕಿಂತ ಸ್ವಲ್ಪ ಮೇಲಿನ ಪ್ರಮಾಣವನ್ನು ಆರಿಸಿ.

ಆಮೇಲೆ ಪ್ರೋಟೀನನ್ನು ಹತ್ತು ಪಟ್ಟು ಅಂತರದಲ್ಲಿ ಐದಾರು ಬಿಂದುಗಳಲ್ಲಿ ಹಾಕಿ ಒರಟು ಕರ್ವ್ ಪಡೆಯಿರಿ. ಇದು ವರದಿಗಲ್ಲ. ಕೆಡಿ ಸುಮಾರು 1 ನ್ಯಾನೋಮೋಲಾರೋ, 100ರೋ, 10 ಮೈಕ್ರೋಮೋಲಾರೋ ಎಂದು ತಿಳಿದರೆ ಸಾಕು. ಜೊತೆಗೆ ಒಂದು ಬಾವಿಯಲ್ಲಿ ಹೆಚ್ಚು ಪ್ರೋಟೀನ್, ಟ್ರೇಸರ್, ಮತ್ತು ಬಣ್ಣವಿಲ್ಲದ ಅದೇ ಅಣುವನ್ನು ಭಾರೀ ಪ್ರಮಾಣದಲ್ಲಿ ಹಾಕಿ. ಓದು ಪ್ರೋಟೀನ್ ಇಲ್ಲದ ಮಟ್ಟಕ್ಕೆ ಮರಳಬೇಕು. ಮರಳದಿದ್ದರೆ ಟ್ರೇಸರ್ ಎಲ್ಲೆಂದರಲ್ಲಿ ಅಂಟುತ್ತಿದೆ. ಅದನ್ನು ಸರಿಪಡಿಸದೆ ಮುಂದಿನ ಹಂತಗಳಿಗೆ ಹೋಗುವುದು ವ್ಯರ್ಥ.

## ಹಂತ 4: ಎಷ್ಟು ಹೊತ್ತು ಕಾಯಬೇಕು?

ಎಲ್ಲರೂ ಅವಸರಿಸುವ ಜಾಗ ಇದು. ಮೂವತ್ತು ನಿಮಿಷ ಎಂಬುದು ಯಾರೋ ಬರೆದಿಟ್ಟ ಪ್ರೋಟೋಕಾಲ್‌ನಿಂದ ಬಂದಿರುತ್ತದೆ, ನಿಮ್ಮ ಔಷಧಕ್ಕೂ ಅದಕ್ಕೂ ಸಂಬಂಧವಿರುವುದಿಲ್ಲ.

ಬಂಧ ಸಮತೋಲನಕ್ಕೆ ಬರುವ ವೇಗ ಎರಡು ವೇಗಗಳ ಮೊತ್ತ: ಅಂಟುವ ವೇಗಸ್ಥಿರಾಂಕ ಗುಣಿಸು ಪ್ರೋಟೀನ್ ಸಾಂದ್ರತೆ, ಅದಕ್ಕೆ ಕೂಡಿಸು ಬಿಡುವ ವೇಗಸ್ಥಿರಾಂಕ. ಪ್ರೋಟೀನ್ ಕಡಿಮೆ ಇರುವ ಬಾವಿಗಳಲ್ಲಿ ಮೊದಲ ಭಾಗ ಸೊನ್ನೆಯ ಹತ್ತಿರ ಹೋಗಿ, ಬಿಡುವ ವೇಗವೊಂದೇ ಉಳಿಯುತ್ತದೆ. ಆದ್ದರಿಂದ ಎಲ್ಲಕ್ಕಿಂತ ತಡವಾಗಿ ನೆಲೆಗೊಳ್ಳುವುದು ಅತಿ ಕಡಿಮೆ ಪ್ರೋಟೀನಿನ ಬಾವಿ. ಪರೀಕ್ಷೆ ಅಲ್ಲಿಯೇ ನಡೆಯಬೇಕು. ಹೆಚ್ಚು ಪ್ರೋಟೀನಿನ ಬಾವಿ ಹತ್ತು ನಿಮಿಷದಲ್ಲಿ ಸ್ಥಿರವಾಯಿತೆಂದು ಸಮಾಧಾನಪಟ್ಟುಕೊಂಡವರೇ ಹೆಚ್ಚು.

ಲೆಕ್ಕ ಹಾಕಿ ನೋಡೋಣ. ಅಂಟುವ ವೇಗಸ್ಥಿರಾಂಕ ಪ್ರತಿ ಮೋಲಾರ್ ಪ್ರತಿ ಸೆಕೆಂಡಿಗೆ 10⁶ ಎಂದಿಟ್ಟುಕೊಳ್ಳಿ. ಕೆಡಿ 1 ನ್ಯಾನೋಮೋಲಾರ್ ಆದರೆ ಬಿಡುವ ವೇಗಸ್ಥಿರಾಂಕ ಸೆಕೆಂಡಿಗೆ 0.001, ಅರ್ಧಾಯು ಸುಮಾರು 11.5 ನಿಮಿಷ. ಐದು ಅರ್ಧಾಯುಗಳಲ್ಲಿ 97% ದಾರಿ ಮುಗಿಯುತ್ತದೆ, ಅಂದರೆ ಹತ್ತಿರ ಹತ್ತಿರ ಒಂದು ಗಂಟೆ. ಅದೇ ಕೆಡಿ 10 ಪಿಕೋಮೋಲಾರ್ ಆದರೆ ಅರ್ಧಾಯು 19 ಗಂಟೆ, ಐದು ಅರ್ಧಾಯುಗಳಿಗೆ ನಾಲ್ಕು ದಿನ! ಇಮ್ಯಾಟಿನಿಬ್‌ನಂತೆ ಪ್ರೋಟೀನಿನ ಒಂದು ವಿಶೇಷ ರೂಪಕ್ಕೆ ಮಾತ್ರ ಅಂಟುವ ಔಷಧಗಳಲ್ಲಿ ಅಂಟುವ ವೇಗವೇ ಕಡಿಮೆ ಇರಬಹುದು. ಆಗ ಕೆಡಿ ಅಷ್ಟೇನೂ ಬಿಗಿಯಲ್ಲದಿದ್ದರೂ ಕಾಯುವಿಕೆ ಹಿಗ್ಗುತ್ತದೆ.

ಕೆಲಸದ ವಿಧಾನ:

1. ಪ್ರೋಟೀನನ್ನು ಅಂದಾಜು ಕೆಡಿಯ ಹತ್ತನೇ ಒಂದು, ಕೆಡಿಯಷ್ಟು, ಹತ್ತು ಪಟ್ಟು ಎಂದು ಮೂರು ಮಟ್ಟಗಳಲ್ಲಿ ಇಡಿ.
2. ಟ್ರೇಸರ್ ಸೇರಿಸಿ, ಪ್ಲೇಟ್ ಮುಚ್ಚಿ, ಒಂದೇ ಉಷ್ಣತೆಯಲ್ಲಿ 10 ನಿಮಿಷದಿಂದ ಮರುದಿನದವರೆಗೆ ಹಲವು ಸಲ ಓದಿ.
3. ಕಡಿಮೆ ಮಟ್ಟದ ಬಾವಿಯ ಓದು ನಿಂತ ಸಮಯವನ್ನು ಗುರುತಿಸಿ.
4. ಅಂತಿಮ ಪ್ರಯೋಗವನ್ನು ಆ ಸಮಯಕ್ಕೊಮ್ಮೆ, ಅದರ ಎರಡು ಮೂರು ಪಟ್ಟು ಸಮಯಕ್ಕೊಮ್ಮೆ ಓದಿ. ಎರಡೂ ಕೆಡಿ ಒಂದೇ ಬಂದರೆ ಮಾತ್ರ ಸಮತೋಲನ.

ಎಚ್ಚರಿಕೆಯ ಗುರುತು ಸುಲಭ: ತಡವಾಗಿ ಓದಿದಷ್ಟೂ ಕೆಡಿ ಬಿಗಿಯಾಗುತ್ತ ಹೋದರೆ ನೀವು ಇನ್ನೂ ಕಾಯಬೇಕಿತ್ತು. ಒಂದು ಹೊತ್ತಿನ ನಂತರ ಕೆಡಿ ಸಡಿಲವಾಗತೊಡಗಿದರೆ ಪ್ರೋಟೀನ್ ಹಾಳಾಗುತ್ತಿದೆ. ಎರಡರ ನಡುವೆ ಕಿಟಕಿಯೇ ಸಿಗದಿದ್ದರೆ ಉಷ್ಣತೆ ಇಳಿಸಿ ಪ್ರೋಟೀನನ್ನು ಉಳಿಸಿಕೊಳ್ಳಲು ನೋಡುವುದಕ್ಕಿಂತ (ಬಿಡುವ ವೇಗವೂ ಇಳಿಯುತ್ತದೆ!) ವೇಗವನ್ನೇ ನೇರ ಅಳೆಯುವ ವಿಧಾನಕ್ಕೆ ಹೋಗುವುದು ಮೇಲು.

## ಹಂತ 5: ಸಾಂದ್ರತೆಯ ಬಲೆ

ಟ್ರೇಸರ್ ಕೆಡಿಗಿಂತ ಬಹಳ ಕಡಿಮೆ ಇದ್ದರೆ, ಅದು ಹಿಡಿದಿಟ್ಟುಕೊಳ್ಳುವ ಪ್ರೋಟೀನ್ ಲೆಕ್ಕಕ್ಕಿಲ್ಲದಷ್ಟು. ಹಾಕಿದ ಪ್ರೋಟೀನೇ ಉಳಿದ ಪ್ರೋಟೀನ್ ಎನ್ನಬಹುದು. ಟ್ರೇಸರ್ ಕೆಡಿಗೆ ಸಮ ಅಥವಾ ಅದಕ್ಕಿಂತ ಹೆಚ್ಚಾದರೆ ಈ ಸಮೀಕರಣ ಮುರಿಯುತ್ತದೆ. ಕರ್ವ್‌ನ ಅರ್ಧಬಿಂದು ಕೆಡಿಯಲ್ಲಿ ಬೀಳುವುದಿಲ್ಲ, ಕೆಡಿ ಮತ್ತು ಟ್ರೇಸರ್‌ನ ಅರ್ಧದ ಮೊತ್ತದಲ್ಲಿ ಬೀಳುತ್ತದೆ. 20 ನ್ಯಾನೋಮೋಲಾರ್ ಟ್ರೇಸರ್ ಹಾಕಿ, ನಿಜವಾದ ಕೆಡಿ 1 ಇದ್ದರೆ ನಿಮಗೆ ಕಾಣುವುದು 11. ನಿಜವಾದದ್ದು 0.1 ಇದ್ದರೂ ಕಾಣುವುದು 10.1. ಅಂದರೆ ನೀವು ಅಳೆದದ್ದು ಹಿಡಿತವನ್ನಲ್ಲ, ನೀವೇ ಹಾಕಿದ ಟ್ರೇಸರನ್ನು. ಲಾರಿ ತೂಗುವ ಕಾಟಾದ ಮೇಲೆ ಉಂಗುರವಿಟ್ಟು ತೂಕ ಕೇಳಿದಂತೆ.

ಪರೀಕ್ಷೆ: ಟ್ರೇಸರನ್ನು ಮೂರು ಪಟ್ಟು ಹೆಚ್ಚಿಸಿ ಪೂರ್ತಿ ಕರ್ವ್ ಮತ್ತೆ ಮಾಡಿ. ಕೆಡಿ ಬದಲಾಗದಿದ್ದರೆ ನೀವು ಸುರಕ್ಷಿತ. ಟ್ರೇಸರ್ ಜೊತೆ ಅದೂ ಏರಿದರೆ ಬಲೆಯಲ್ಲಿದ್ದೀರಿ. ಅಂದಾಜು ಕೆಡಿಯ ಹತ್ತನೇ ಒಂದಕ್ಕಿಂತ ಟ್ರೇಸರ್ ಕಡಿಮೆ ಇರಲಿ.

ರೀಡರ್‌ನ ಮಿತಿಯಿಂದ ಅದು ಆಗದಿದ್ದರೆ ಸರಳ ಸಮೀಕರಣ ಬಿಟ್ಟು ವರ್ಗ ಸಮೀಕರಣ ಬಳಸಿ. ಒಟ್ಟು ಪ್ರೋಟೀನ್ ಪ, ಒಟ್ಟು ಟ್ರೇಸರ್ ಟ, ಕೆಡಿ ಕ ಎಂದಾದರೆ:

ಬಂಧಿತ ಪಾಲು = [(ಪ + ಟ + ಕ) − √((ಪ + ಟ + ಕ)² − 4 × ಪ × ಟ)] ÷ (2 × ಟ)

ಇದೂ ಸರ್ವರೋಗಕ್ಕೆ ಮದ್ದಲ್ಲ. ಟ್ರೇಸರ್ ಕೆಡಿಯ ನೂರು ಪಟ್ಟಿದ್ದರೆ ಕರ್ವ್ ನೇರ ಗೆರೆಯಲ್ಲಿ ಏರಿ ಥಟ್ಟನೆ ಮಟ್ಟಸವಾಗುತ್ತದೆ. ಕೆಡಿಯ ಸುಳಿವು ಆ ತಿರುವಿನ ಸಣ್ಣ ಬಾಗಿನಲ್ಲಿ ಮಾತ್ರ ಇರುತ್ತದೆ, ಪಿಪೆಟ್‌ನ ಮಾಮೂಲಿ ತಪ್ಪು ಅದನ್ನು ನುಂಗಿಬಿಡುತ್ತದೆ. ತಂತ್ರಾಂಶ ಆಗಲೂ ಒಂದು ಸಂಖ್ಯೆ ಕೊಟ್ಟೇ ಕೊಡುತ್ತದೆ.

ಕೆಡಿ ಅಳೆಯಲು ಕೆಲಸಕ್ಕೆ ಬಾರದ ಆ ಮುರಿದ ಗೆರೆ ಇನ್ನೊಂದಕ್ಕೆ ಬಹಳ ಉಪಯುಕ್ತ. ಟ್ರೇಸರ್‌ಗೆ ಬಣ್ಣವಿಲ್ಲದ ಅಣುವನ್ನು ಬೆರೆಸಿ ಒಟ್ಟು ಲಿಗ್ಯಾಂಡನ್ನು (ಪ್ರೋಟೀನಿಗೆ ಅಂಟುವ ಅಣು) ಬೇಕೆಂದೇ ಕೆಡಿಯ 20–50 ಪಟ್ಟು ಇಟ್ಟು ಪ್ರೋಟೀನ್ ಸೇರಿಸುತ್ತ ಹೋಗಿ. 1 ಮೈಕ್ರೋಮೋಲಾರ್ ಲಿಗ್ಯಾಂಡ್ ತುಂಬಲು 2 ಮೈಕ್ರೋಮೋಲಾರ್ ಪ್ರೋಟೀನ್ ಬೇಕಾಯಿತೆಂದರೆ, ಒಂದಕ್ಕೊಂದು ಅಂಟುವ ಜೋಡಿಯಲ್ಲಿ ನಿಮ್ಮ ಪ್ರೋಟೀನಿನ ಅರ್ಧ ಮಾತ್ರ ಜೀವಂತ, ಅಂದರೆ ಅಂಟುವ ಶಕ್ತಿ ಉಳಿಸಿಕೊಂಡಿದೆ. ಹಾಗಾದಾಗ 100 ನ್ಯಾನೋಮೋಲಾರ್ ಎಂದು ಕಂಡ ಕೆಡಿ ವಾಸ್ತವದಲ್ಲಿ 50. ಬ್ಯಾಚ್ ಬದಲಾದಾಗ ಸಂಖ್ಯೆ ಜಿಗಿಯುವ ರಹಸ್ಯ ಬಹಳ ಸಲ ಇದೇ, ಆದ್ದರಿಂದ ಪ್ರತಿ ಹೊಸ ಬ್ಯಾಚಿಗೂ ಈ ಪರೀಕ್ಷೆ ಮಾಡಿ.

## ಹಂತ 6: ಅಂತಿಮ ಕರ್ವ್

ಈಗ ಬೇಕಾದದ್ದೆಲ್ಲ ಗೊತ್ತಿದೆ, ಉಳಿದದ್ದು ಕೈಕೆಲಸ.

1. ಪ್ರೋಟೀನನ್ನು ಎರಡು ಪಟ್ಟು ಅಂತರದಲ್ಲಿ 16 ಬಿಂದುಗಳಲ್ಲಿ ದುರ್ಬಲಗೊಳಿಸಿ. ಕೆಡಿ ನಡುವೆ ಬೀಳಲಿ, ಮೇಲೆ ಕೆಳಗೆ ಕನಿಷ್ಠ 50 ಪಟ್ಟು ವ್ಯಾಪ್ತಿ ಇರಲಿ.
2. ಪ್ರತಿ ವರ್ಗಾವಣೆಗೂ ಟಿಪ್ ಬದಲಿಸಿ. ಒಂದೇ ಟಿಪ್‌ನಲ್ಲಿ ಸಾಗಿದರೆ ಒಳಗೆ ಉಳಿದ ಹನಿ ಕೆಳಗಿನ ಬಿಂದುಗಳಲ್ಲಿ ಪ್ರೋಟೀನನ್ನು ಹೆಚ್ಚಿಸಿ, ಕೆಡಿ ಇರುವುದಕ್ಕಿಂತ ಬಿಗಿಯಾಗಿ ಕಾಣುತ್ತದೆ.
3. ಎರಡು ಪಟ್ಟು ಗಟ್ಟಿಯಾದ ಟ್ರೇಸರ್ ದ್ರಾವಣವನ್ನು ಸಮಪ್ರಮಾಣದಲ್ಲಿ ಸೇರಿಸಿ. ಪ್ರೋಟೀನ್ ಇಲ್ಲದ ಬಾವಿಗಳನ್ನೂ, ಬರೀ ಬಫರ್ ಬಾವಿಗಳನ್ನೂ ಬಿಡಬೇಡಿ.
4. ಗುಳ್ಳೆಗಳು ಹೋಗಲು ಪ್ಲೇಟನ್ನು ಒಂದು ನಿಮಿಷ ಸೆಂಟ್ರಿಫ್ಯೂಜ್ ಮಾಡಿ, 4ನೇ ಹಂತದಲ್ಲಿ ಗೊತ್ತಾದಷ್ಟು ಹೊತ್ತು ಕಾಯಿರಿ.
5. ಧ್ರುವೀಕರಣದ ಜೊತೆ ಒಟ್ಟು ಹೊಳಪನ್ನೂ ಉಳಿಸಿಕೊಳ್ಳಿ. ಅಂಟಿದಾಗ ಹೊಳಪು ಗಣನೀಯವಾಗಿ ಏರಿದರೆ ಅಥವಾ ಇಳಿದರೆ ಧ್ರುವೀಕರಣವನ್ನು ಅನೈಸೋಟ್ರೋಪಿಗೆ (ಪಾಲುಗಳನ್ನು ನೇರ ಕೂಡಿಸಬಹುದಾದ ಅದರ ಇನ್ನೊಂದು ರೂಪ) ಬದಲಿಸಿ, ಹೊಳಪಿನ ತಿದ್ದುಪಡಿ ಹಾಕಿಯೇ ಬಂಧಿತ ಪಾಲನ್ನು ಲೆಕ್ಕಿಸಬೇಕು.

ಮೇಲಿನ ಮಟ್ಟಸ ಭಾಗ ದತ್ತಾಂಶದಲ್ಲೇ ಕಾಣಬೇಕು. ಕರ್ವ್ ಇನ್ನೂ ಏರುತ್ತಿರುವಾಗ ಮೇಲ್ತುದಿಯನ್ನು ತಂತ್ರಾಂಶದ ಊಹೆಗೆ ಬಿಟ್ಟರೆ ಕೆಡಿ ಎತ್ತ ಬೇಕಾದರೂ ಹೋಗುತ್ತದೆ. ಒಂದೇ ತಾಣದ ಬಂಧದಲ್ಲಿ 10%ರಿಂದ 90%ಕ್ಕೆ ಹೋಗಲು ಸಾಂದ್ರತೆ 81 ಪಟ್ಟು ಏರಬೇಕು. ನಿಮ್ಮ ಕರ್ವ್ ಹತ್ತು ಪಟ್ಟಿನಲ್ಲೇ ಆ ದಾರಿ ಮುಗಿಸಿದರೆ ಸಂಭ್ರಮಿಸುವ ಬದಲು 5ನೇ ಹಂತಕ್ಕೆ ಮರಳಿ.

## ಹಂತ 7: ಔಷಧವನ್ನು ಸ್ಪರ್ಧೆಗೆ ಇಳಿಸುವುದು

ಈವರೆಗೆ ಸಿಕ್ಕಿದ್ದು ಟ್ರೇಸರ್‌ನ ಕೆಡಿ. ಬಣ್ಣವಿಲ್ಲದ ಔಷಧದ ಹಿಡಿತ ತಿಳಿಯಲು, ಟ್ರೇಸರ್‌ನ 50–70% ಅಂಟಿರುವಷ್ಟು ಪ್ರೋಟೀನ್ ಇಟ್ಟು, ಔಷಧವನ್ನು ಏರಿಸುತ್ತ ಟ್ರೇಸರ್ ಕಳಚಿಕೊಳ್ಳುವುದನ್ನು ನೋಡಬೇಕು. ಔಷಧವನ್ನು ಡಿಎಂಎಸ್‌ಒದಲ್ಲೇ ದುರ್ಬಲಗೊಳಿಸಿ ಆಮೇಲೆ ಬಫರ್‌ಗೆ ತನ್ನಿ. ಎಲ್ಲ ಬಾವಿಗಳಲ್ಲೂ ಡಿಎಂಎಸ್‌ಒ ಸಮನಾಗಿರಲಿ, 1% ಮೀರದಿದ್ದರೆ ಒಳ್ಳೆಯದು.

ಸಿಕ್ಕ ಐಸಿ50ಯನ್ನು 1973ರ ಚೆಂಗ್–ಪ್ರುಸಾಫ್ ಸೂತ್ರಕ್ಕೆ ಹಾಕಿ ಕೆಐ (ಸ್ಪರ್ಧೆಯಿಂದ ತಿಳಿಯುವ ಔಷಧದ ಕೆಡಿ) ಪಡೆಯುವುದು ಸಾಮಾನ್ಯ ಅಭ್ಯಾಸ. ಆ ಸೂತ್ರ ಪ್ರೋಟೀನ್ ಅತ್ಯಲ್ಪವೆಂದು ಊಹಿಸುತ್ತದೆ, ಇಲ್ಲಿ ಹಾಗಿಲ್ಲ. ಟ್ರೇಸರ್ 2 ನ್ಯಾನೋಮೋಲಾರ್, ಅದರ ಕೆಡಿ 50, ಪ್ರೋಟೀನ್ 75 ಎನ್ನಿ. ಔಷಧದ ನಿಜವಾದ ಕೆಐ 10 ಇದ್ದರೆ ಐಸಿ50 ಸುಮಾರು 78 ಬರುತ್ತದೆ. ಕೆಐ 1 ಆದರೆ 56. ಕೆಐ 0.1 ಆದರೆ 53. ಹಿಡಿತ ನೂರು ಪಟ್ಟು ಬಿಗಿಯಾದರೂ ಸಂಖ್ಯೆ ಕದಲುವುದು ಇಷ್ಟೇ! ಸರಣಿಯ ಒಳ್ಳೆಯ ಔಷಧಗಳೆಲ್ಲ ಒಂದೇ ತರಹ ಕಾಣುವ ದೂರಿಗೆ ಉತ್ತರ ಇಲ್ಲಿದೆ. ಚೆಂಗ್–ಪ್ರುಸಾಫ್ ಈ ಮೂರನೆಯದಕ್ಕೆ 50ಕ್ಕಿಂತ ಹೆಚ್ಚಿನ ಕೆಐ ಕೊಡುತ್ತದೆ, ಐನೂರು ಪಟ್ಟು ತಪ್ಪು.

ಪ್ರೋಟೀನ್, ಟ್ರೇಸರ್, ಔಷಧ ಮೂರರ ಒಟ್ಟು ಪ್ರಮಾಣವನ್ನೂ ಗಣಿಸುವ ಘನ ಸಮೀಕರಣದಿಂದ ಫಿಟ್ ಮಾಡಿ. ಐಸಿ50 ಪ್ರೋಟೀನ್ ಪ್ರಮಾಣವೇ ನಿರ್ಧರಿಸುವ ಕನಿಷ್ಠ ಮಟ್ಟದ (ಮೇಲಿನ ಉದಾಹರಣೆಯಲ್ಲಿ ಸುಮಾರು 53) ಹತ್ತಿರ ಬಂದ ಮೇಲೆ ಅದೂ ಕೈಕೊಡುತ್ತದೆ. ಆಗ ಇನ್ನೂ ಬಿಗಿಯಾಗಿ ಅಂಟುವ ಟ್ರೇಸರ್ ತಯಾರಿಸಿ ಪ್ರೋಟೀನನ್ನು ಇಳಿಸುವುದೇ ದಾರಿ.

ಕಾಯುವ ಸಮಯವನ್ನು ಸ್ಪರ್ಧೆಗೂ ಬೇರೆಯಾಗಿ ಪರೀಕ್ಷಿಸಿ. ಒಂದು ಸಾಲಿನಲ್ಲಿ ಔಷಧ ಮತ್ತು ಪ್ರೋಟೀನ್ ಮೊದಲು, ಇನ್ನೊಂದರಲ್ಲಿ ಟ್ರೇಸರ್ ಮತ್ತು ಪ್ರೋಟೀನ್ ಮೊದಲು. ಸಮತೋಲನ ಬಂದಿದ್ದರೆ ಎರಡೂ ಸಾಲು ಒಂದೇ ಕಡೆ ಸೇರುತ್ತವೆ.

ಔಷಧ ತಾನೇ ಹೊಳೆಯುವಂಥದ್ದಾದರೆ ಹೆಚ್ಚಿನ ಸಾಂದ್ರತೆಯಲ್ಲಿ ಒಟ್ಟು ಹೊಳಪು ಏರಿ ಗುಟ್ಟು ಬಿಟ್ಟುಕೊಡುತ್ತದೆ. ಇಳಿಜಾರು ವಿಪರೀತ ಕಡಿದಾಗಿದ್ದರೆ ಡಿಟರ್ಜೆಂಟ್ ಹೆಚ್ಚಿಸಿ ಮತ್ತೆ ಮಾಡಿ. ಚಟುವಟಿಕೆ ಮಾಯವಾದರೆ ಅದು ಔಷಧದ ಹಿಡಿತವಲ್ಲ, ಗೊಂಚಲಿನ ಕೆಲಸ.

## ಹಂತ 8: ಬೇರೆ ವಿಧಾನದಿಂದ ತಾಳೆ

ಮುಖ್ಯವಾದ ಒಂದೆರಡು ಔಷಧಗಳನ್ನಾದರೂ ಬೇರೆ ತತ್ತ್ವದ ಮೇಲೆ ನಡೆಯುವ ವಿಧಾನದಿಂದ ಅಳೆಯಿರಿ. ಸರ್ಫೇಸ್ ಪ್ಲಾಸ್ಮಾನ್ ರೆಸೊನೆನ್ಸ್ (ಚಿಪ್ ಮೇಲಿನ ಬಂಧವನ್ನು ಬೆಳಕಿನಿಂದ ಅಳೆಯುವ ವಿಧಾನ) ಅಂಟುವ, ಬಿಡುವ ವೇಗಗಳೆರಡನ್ನೂ ಕೊಡುತ್ತದೆ, ಅತಿ ಬಿಗಿ ಬಂಧಗಳಿಗೆ ಅನುಕೂಲ. ಆದರೆ ಪ್ರೋಟೀನನ್ನು ಚಿಪ್ ಮೇಲೆ ಕೂರಿಸುವಾಗ ಔಷಧ ಕೂರುವ ಅದರ ಜೇಬು ಮುಚ್ಚಿಹೋಗದಂತೆ ನೋಡಿಕೊಳ್ಳಬೇಕು. ಐಟಿಸಿ, ಅಂದರೆ ಬಂಧದ ಶಾಖವನ್ನು ಅಳೆಯುವ ವಿಧಾನ, ಯಾವ ಬಣ್ಣವನ್ನೂ ಕೇಳುವುದಿಲ್ಲ. ಪ್ರೋಟೀನ್ ಮಾತ್ರ ಬಹಳ ಬೇಡುತ್ತದೆ, ಮತ್ತು ಸಿರಿಂಜ್ ಮತ್ತು ಅಳತೆಯ ಪಾತ್ರೆಯ ನಡುವೆ ಡಿಎಂಎಸ್‌ಒ ಸ್ವಲ್ಪ ಹೆಚ್ಚು ಕಡಿಮೆಯಾದರೂ ಅದರ ಶಾಖವೇ ಬಂಧದ ಶಾಖವನ್ನು ಮುಳುಗಿಸುತ್ತದೆ. ಕೈ ಪಳಗಿಸಲು ಕಾರ್ಬಾನಿಕ್ ಅನ್‌ಹೈಡ್ರೇಸ್ 2 ಮತ್ತು ಅಸೆಟಜೋಲಮೈಡ್ ಜೋಡಿ ಒಳ್ಳೆಯದು. ಚೆನ್ನಾಗಿ ಅಧ್ಯಯನವಾಗಿರುವ ಜೋಡಿಯಾದ್ದರಿಂದ ನಿಮ್ಮ ಸಂಖ್ಯೆಯನ್ನು ಹೋಲಿಸಿ ನೋಡಬಹುದು.

ಕರಗುವ ಉಷ್ಣತೆಯ ಏರಿಕೆಯನ್ನು ನೋಡುವ ಥರ್ಮಲ್ ಶಿಫ್ಟ್ ಪರೀಕ್ಷೆ ಔಷಧ ಅಂಟುತ್ತದೆಯೇ ಎಂದು ಹೇಳುತ್ತದೆ. ಎರಡು ಬೇರೆ ಪ್ರೋಟೀನ್‌ಗಳ ನಡುವೆ ಆ ಏರಿಕೆಯನ್ನು ಹೋಲಿಸಿ ಹಿಡಿತದ ತೀರ್ಮಾನಕ್ಕೆ ಬರಬೇಡಿ.

## ಹಂತ 9: ಸಂಖ್ಯೆ ಬರೆಯುವ ಬಗೆ

ಒಂದೇ ಪ್ಲೇಟಿನ ಮೂರು ಬಾವಿಗಳು ಮೂರು ಪ್ರಯೋಗಗಳಲ್ಲ. ಬೇರೆ ದಿನ, ಹೊಸದಾಗಿ ಮಾಡಿದ ದುರ್ಬಲೀಕರಣಗಳಿಂದ ಕನಿಷ್ಠ ಮೂರು ಸಲ ಅಳೆಯಿರಿ. ಸರಾಸರಿಯನ್ನು ಕೆಡಿಯ ಲಾಗರಿದಮ್ ಮೇಲೆ ತೆಗೆಯಿರಿ. 25 ಡಿಗ್ರಿಯಲ್ಲಿ ಕೆಡಿಯ ಹತ್ತು ಪಟ್ಟು ವ್ಯತ್ಯಾಸಕ್ಕೆ ಮೋಲ್‌ಗೆ 1.36 ಕಿಲೋಕ್ಯಾಲೊರಿ ಶಕ್ತಿ. ಎರಡು ಪಟ್ಟು ವ್ಯತ್ಯಾಸವೆಂದರೆ 0.4 ಮಾತ್ರ, ಅದರ ಮೇಲೆ ದೊಡ್ಡ ಕಥೆ ಕಟ್ಟಬೇಡಿ. 12.847 ನ್ಯಾನೋಮೋಲಾರ್ ಎಂದು ಬರೆಯುವುದಕ್ಕಿಂತ 13, ವ್ಯಾಪ್ತಿ 9ರಿಂದ 18 ಎಂದು ಬರೆದರೆ ಓದುವವರಿಗೆ ನಿಜ ತಿಳಿಯುತ್ತದೆ.

ಸಂಖ್ಯೆಯ ಜೊತೆಗೆ ಉಷ್ಣತೆ, ಬಫರ್, ಡಿಎಂಎಸ್‌ಒ ಪ್ರಮಾಣ, ಟ್ರೇಸರ್ ಮತ್ತು ಪ್ರೋಟೀನ್ ಸಾಂದ್ರತೆ, ಜೀವಂತ ಪಾಲು, ಕಾದ ಸಮಯ, ಬಳಸಿದ ಸಮೀಕರಣ ಇಷ್ಟನ್ನೂ ಕೊಡಿ. ಔಷಧ ನಿಮ್ಮ ಪ್ರಯೋಗದ ಮಿತಿಗಿಂತ ಬಿಗಿಯಾಗಿದ್ದರೆ ಫಿಟ್ ಕೊಟ್ಟ ಅಂಕಿ ಬಿಟ್ಟು, "5 ನ್ಯಾನೋಮೋಲಾರ್‌ಗಿಂತ ಕಡಿಮೆ" ಎಂಬಂತೆ ಮಿತಿಯನ್ನಷ್ಟೇ ಬರೆಯಿರಿ.